ಬಾನೆಟ್ಟಿನ ಕೆಳಗಿನ ಚರಿತ್ರೆ

ಕಳೆದ ದಸರಾ ರಜೆಯಲ್ಲಿ ಮಾವನ ಜೀಪಿನ ಮಡ್‌ಗಾರ್ಡನ್ನು ಎಮರಿ ಪೇಪರಿನಿಂದ ಉಜ್ಜುತ್ತಿದ್ದಾಗ ಒಂದರಡಿ ಒಂದು ಐದು ಬಣ್ಣ ಸಿಕ್ಕಿದವು. ಮೇಲೆ ಈಗಿನ ಬಿಳಿ, ಅದರಡಿ ಕಡುನೀಲಿ, ಅದಕ್ಕೂ ಕೆಳಗೆ ಹಾಲುಕೆನೆಯ ಬಣ್ಣ, ಆಮೇಲೆ ಹಸಿರು, ತಳದಲ್ಲಿ ಕೆಂಪು ಪ್ರೈಮರ್. ಮಾವ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಾ ಒಂದೊಂದಕ್ಕೂ ಒಂದು ಕಥೆ ಹೇಳಿದರು. ಹಸಿರು, ಅಜ್ಜ ಜೀಪು ಕೊಂಡಾಗಿನದು. ಹಾಲುಕೆನೆ ಬಣ್ಣ ಅತ್ತೆಯ ಮದುವೆಗೆ ಬಳಿಸಿದ್ದು. ನೀಲಿ, ಕೊಪ್ಪದಿಂದ ಶೃಂಗೇರಿಗೆ ಬಾಡಿಗೆ ಓಡಿಸಿದ ಕಾಲದ್ದು. ಆಗ ಒಳಗೆ ಕೂತವರಿಗಿಂತ ಹಿಂದೆ ಜೋತುಬಿದ್ದವರೇ ಹೆಚ್ಚಂತೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಮೋಟಾರು ಸಾರಿಗೆಯ ಸಾಮಾಜಿಕ ಚರಿತ್ರೆ ನನ್ನ ಪಿಎಚ್.ಡಿ. ವಿಷಯ. ಪತ್ರಾಗಾರಗಳಲ್ಲಿ ತಿಂಗಳುಗಟ್ಟಲೆ ಹುಡುಕಿದರೂ ಸಿಗದ ಕಾಲಾನುಕ್ರಮ ಒಂದು ಮಡ್‌ಗಾರ್ಡಿನಲ್ಲಿ ಸಿಕ್ಕಿತೆಂದು ಹಿಗ್ಗಿ ಫೋಟೊ ತೆಗೆದುಕೊಂಡೆ. ಅದೇ ಹುಮ್ಮಸ್ಸಿನಲ್ಲಿ ಬಾನೆಟ್ ಎತ್ತಿದೆ. ಎಂಜಿನ್ನಿನ ಮೈಯಲ್ಲಿ ಅಲ್ಲಲ್ಲಿ ಹಳೆಯ ಬಣ್ಣದ ಕುರುಹಿತ್ತು. ಆದರೆ ಪಕ್ಕದಲ್ಲಿ ಬೋಲ್ಟುಗಳಿಂದ ಬಿಗಿದಿದ್ದ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ ಏನೂ ಇರಲಿಲ್ಲ. ಬರೀ ತುಕ್ಕು. ಎಂಜಿನ್ನಿನ ನಾಲ್ಕು ಸಿಲಿಂಡರುಗಳಿಂದ ಬರುವ ಬೆಂಕಿಯಂಥ ಹೊಗೆಯನ್ನು ಒಟ್ಟುಮಾಡಿ ಸೈಲೆನ್ಸರಿಗೆ ದಾಟಿಸುವ ಬೀಡು ಕಬ್ಬಿಣದ ಕವಲುಕೊಳವೆ ಅದು. ಇಡೀ ಗಾಡಿಯಲ್ಲಿ ಅತಿ ಹೆಚ್ಚು ಕಾಯುವ ಭಾಗಗಳಲ್ಲೊಂದು.

"ಇದಕ್ಕೂ ಬಣ್ಣ ಹೊಡೀಲಾ ಮಾವ?" ಅಂದೆ.

"ಹೊಡಿ ಮಾರಾಯ್ತಿ. ನಿಲ್ಲುತ್ತಾ ನೋಡು" ಅಂದರು. ಅವರ ನಗು ನನಗೆ ಆಗ ಅರ್ಥವಾಗಲಿಲ್ಲ.

ಪೇಟೆಯ ಹಾರ್ಡ್‌ವೇರ್ ಅಂಗಡಿಯಿಂದ ಗೇಟು, ಕಿಟಕಿ ಸರಳುಗಳಿಗೆ ಬಳಿಯುವ ಸಿಲ್ವರ್ ಪೇಂಟು ತಂದು ಎರಡು ಕೈ ದಪ್ಪಗೆ ಹಚ್ಚಿದೆ. ಬೆಳ್ಳಿಯ ಪಾತ್ರೆಯ ಹಾಗೆ ಹೊಳೆಯಿತು. ಮರುದಿನ ಮಾವ ಮತ್ತು ನಾನು ಶೃಂಗೇರಿಗೆ ಹೊರಟೆವು. ಹರಿಹರಪುರ ದಾಟುವಷ್ಟರಲ್ಲಿ ಕಮಟು ವಾಸನೆ. ಏರು ಹತ್ತುವಾಗ ಬಾನೆಟ್ಟಿನ ಸಂದಿಯಿಂದ ಹೊಗೆ. ಶೃಂಗೇರಿಯಲ್ಲಿ ನಿಲ್ಲಿಸಿ ತೆರೆದು ನೋಡಿದರೆ ನನ್ನ ಬೆಳ್ಳಿ ಕಂದಿ, ಗುಳ್ಳೆಯೆದ್ದು, ಹಪ್ಪಳದ ಚೂರಿನ ಹಾಗೆ ಏಳುತ್ತಿತ್ತು. ಒಂದು ವಾರ ಕಳೆಯುವುದರೊಳಗೆ ಎಲ್ಲ ಉದುರಿ ಮತ್ತೆ ತುಕ್ಕೇ ಉಳಿಯಿತು.

ಬಾಡಿಗೆ ಓಡಿಸುವ ಕಾಲದಿಂದ ಮಾವನ ಜೀಪನ್ನು ಬಲ್ಲ ಮೇಸ್ತ್ರಿಯೊಬ್ಬರು ನರಸಿಂಹರಾಜಪುರದಲ್ಲಿದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಈಗ ಗ್ಯಾರೇಜಿನ ಕೆಲಸ ಹುಡುಗರದು, ಅವರದು ಕುರ್ಚಿ ಮತ್ತು ಮಾತು. ಜೀಪು ಅಲ್ಲಿಗೆ ಹೋಯಿತು. ಅವರು ಬೆರಳಿನ ಉಗುರಿನಿಂದ ಅಳಿದುಳಿದ ಸಿಲ್ವರ್ ಪೇಂಟನ್ನು ಕೆರೆದು ನನ್ನ ಅಂಗೈಗೆ ಹಾಕಿದರು.

"ನೋಡು ತಂಗಿ, ಬೆಳ್ಳಿಪುಡಿ ಹಾಗೇ ಉಂಟು. ಸುಟ್ಟದ್ದು ಅದಲ್ಲ, ಅದನ್ನ ಹಿಡ್ಕಂಡಿದ್ದ ಅಂಟು. ಹಿಡಿಯೋರಿಲ್ಲದ ಮೇಲೆ ಪುಡಿ ಎಂತ ಮಾಡ್ತದೆ? ಉದುರ್ತದೆ."

ಈ ಒಂದು ಮಾತಿನ ಬೆನ್ನು ಹತ್ತಿ ನಾನು ಬಣ್ಣದ ಚರಿತ್ರೆಯೊಳಗೆ ಹೋದೆ.

*

ಯಾವುದೇ ಬಣ್ಣದ ಡಬ್ಬಿಯಲ್ಲಿ ಮುಖ್ಯವಾಗಿ ಇರುವುದು ಮೂರು: ಕಣ್ಣಿಗೆ ಕಾಣುವ ಪುಡಿ, ಆ ಪುಡಿಯನ್ನು ಮೇಲ್ಮೈಗೆ ಹಿಡಿದಿಡುವ ಅಂಟು, ಬಳಿಯಲು ಅನುಕೂಲವಾಗುವಂತೆ ತೆಳುಮಾಡಿ ಆಮೇಲೆ ಆರಿಹೋಗುವ ದ್ರವ. ನಾವು ಅಂಗಡಿಯಲ್ಲಿ ಆರಿಸುವುದು ಪುಡಿಯನ್ನು. ಬಾಳಿಕೆ ನಿರ್ಧಾರವಾಗುವುದು ಅಂಟಿನಿಂದ.

ಇದನ್ನು ತಿಳಿಯಲು ಶೃಂಗೇರಿಗಿಂತ ಒಳ್ಳೆಯ ಊರಿಲ್ಲ. ಇಂದು ಸರ್ಕಾರಿ ಕಚೇರಿಯ ಫೈಲಿಗೆ ನಾವು ಬಳಸುವ 'ಕಡತ' ಎಂಬ ಮಾತು ಮೊದಲು ಒಂದು ಬಣ್ಣ ಬಳಿದ ಬಟ್ಟೆಯ ಹೆಸರು. ಹುಣಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಉದ್ದನೆಯ ಹತ್ತಿ ಬಟ್ಟೆಯ ಎರಡೂ ಬದಿಗೆ ಬಳಿದು, ಒಣಗಿಸಿ, ಪುಟಗಳಂತೆ ಮಡಚಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಬೇಡವಾದದ್ದನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಚರಿತ್ರೆಯ ಪುಸ್ತಕದಲ್ಲಿ ಇದನ್ನು ವಿವರವಾಗಿ ಬಣ್ಣಿಸಿದ್ದಾನೆ. ಶೃಂಗೇರಿ ಮಠದ ಕಡತಗಳನ್ನು ಓದಿ ಡಾ. ಎ.ಕೆ. ಶಾಸ್ತ್ರಿಯವರು ಆ ಸಂಸ್ಥಾನದ ಚರಿತ್ರೆಯನ್ನೇ ಕಟ್ಟಿಕೊಟ್ಟರು. ಅಂದರೆ ಇದ್ದಿಲು ಮತ್ತು ಹುಣಸೆಬೀಜ ಸೇರಿದ ಒಂದು ಲೇಪ ಶತಮಾನಗಳನ್ನು ದಾಟಿ ಬಂದಿದೆ. ಆದರೆ ಅದೇ ಕಡತವನ್ನು ಒಲೆಯ ಹತ್ತಿರ ಇಟ್ಟಿದ್ದರೆ? ಹುಣಸೆಬೀಜದ ಅಂಟು ಮೊದಲು ಕರಕಲಾಗುತ್ತಿತ್ತು, ಆಮೇಲೆ ಬಟ್ಟೆ. ಕಡತ ಉಳಿದದ್ದಕ್ಕೆ ಅರ್ಧ ಕಾರಣ ಅದನ್ನು ಮಾಡಿದವರ ಕೈ, ಇನ್ನರ್ಧ ಅದನ್ನು ಇಟ್ಟ ತಂಪು ಕೋಣೆ.

ನಮ್ಮ ಮಲೆನಾಡಿನ ಕೆಮ್ಮಣ್ಣೂ ಇದೇ ಪಾಠ ಹೇಳುತ್ತದೆ. ಕೆಮ್ಮಣ್ಣಿಗೆ ಬಣ್ಣ ಬಂದಿರುವುದು ಕಬ್ಬಿಣದ ಆಕ್ಸೈಡಿನಿಂದ. ಕುಂಬಾರನ ಆವಿಗೆಯಲ್ಲಿ ಬೆಂದರೂ ಆ ಕೆಂಪು ಹೋಗುವುದಿಲ್ಲ. ಗ್ಯಾರೇಜುಗಳಲ್ಲಿ ಬಳಸುವ ರೆಡ್ ಆಕ್ಸೈಡ್ ಪ್ರೈಮರಿನಲ್ಲಿರುವುದೂ ಅದೇ ಪುಡಿ. ಆದರೂ ಆ ಪ್ರೈಮರ್ ಮ್ಯಾನಿಫೋಲ್ಡಿನ ಮೇಲೆ ನಿಲ್ಲದು. ಅದರ ಅಂಟು ಎಣ್ಣೆ ಮೂಲದ ಆಲ್ಕೈಡ್ ರಾಳ. 120ರಿಂದ 150 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಅದು ಹಳದಿಯಾಗಿ, ಬಿರುಸಾಗಿ, ಸುಡತೊಡಗುತ್ತದೆ. ಘಾಟಿ ಹತ್ತುವ ಪೆಟ್ರೋಲ್ ಎಂಜಿನ್ನಿನಿಂದ ಹೊರಬರುವ ಅನಿಲ 700 ಡಿಗ್ರಿಗೂ ಮೇಲಿರುತ್ತದೆ; ಮ್ಯಾನಿಫೋಲ್ಡಿನ ಹೊರಮೈಯೇ 400ರಿಂದ 600 ಡಿಗ್ರಿವರೆಗೆ ಕಾಯಬಹುದು. ಡೀಸೆಲ್ ಎಂಜಿನ್ನಿನದು ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ, ಆದರೆ ಗೇಟಿನ ಬಣ್ಣಕ್ಕೆ ಅದೂ ಚಿತೆಯೇ.

ಹಾಗಾದರೆ ಮೊದಲಿನವರು ಏನು ಮಾಡುತ್ತಿದ್ದರು? ನರಸಿಂಹರಾಜಪುರದ ಮಟ್ಟಿಗೆ ಈ ಪ್ರಶ್ನೆ ಮೋಟಾರಿಗಿಂತ ಹಳೆಯದು. ಎಡೇಹಳ್ಳಿ ಎಂಬ ಊರು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಪಡೆದ ಕಾಲದಲ್ಲೇ, 1915ರ ಹೊತ್ತಿಗೆ, ತರೀಕೆರೆಯಿಂದ ಇಲ್ಲಿಗೆ ಎರಡಡಿ ಅಗಲದ ಹಳಿಯ ಸಣ್ಣ ರೈಲು ಬಂದಿತು. ಆ ರೈಲು ಈಗಿಲ್ಲ. ಉಗಿಬಂಡಿಯ ಮುಂಭಾಗದ ಹೊಗೆಪೆಟ್ಟಿಗೆಯದೂ ಇದೇ ಕಷ್ಟ. ಕೆಲವು ದೇಶಗಳ ರೈಲ್ವೆಯವರು ಅದಕ್ಕೆ ಗ್ರಾಫೈಟ್ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ತಿಕ್ಕುತ್ತಿದ್ದರು. ಎಣ್ಣೆ ಸುಟ್ಟುಹೋಗುತ್ತಿತ್ತು, ಗ್ರಾಫೈಟ್ ಒಂದಿಷ್ಟು ದಿನ ಅಂಟಿಕೊಂಡಿರುತ್ತಿತ್ತು, ಮತ್ತೆ ತಿಕ್ಕಬೇಕಿತ್ತು. ಅಲ್ಲಿಂದ ಹತ್ತಿರದ ಭದ್ರಾವತಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮುಂದೆ ನಿಂತು ಕಟ್ಟಿಸಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಬೀಡು ಕಬ್ಬಿಣ ಕರಗಿಸತೊಡಗಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು. ಕಟ್ಟಿಗೆಯನ್ನು ಭಟ್ಟಿಯಿಳಿಸಿ ಇದ್ದಿಲಿನ ಜೊತೆಗೆ ಟಾರನ್ನೂ ಅಲ್ಲಿ ತೆಗೆಯುತ್ತಿದ್ದರು. ಟಾರು ಕಬ್ಬಿಣವನ್ನು ಮಳೆಯಿಂದ ಕಾಯುತ್ತದೆ, ಬೆಂಕಿಯಿಂದ ಅಲ್ಲ.

1937ರಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಶುರುವಾಯಿತು. 1962ರಿಂದ ಚುನಾವಣೆಯ ಅಳಿಸದ ಶಾಯಿಯನ್ನು ದೇಶಕ್ಕೆಲ್ಲ ಕೊಡುತ್ತಿರುವುದು ಇದೇ ಸಂಸ್ಥೆ. ಅರಗು ಒಳ್ಳೆಯ ಅಂಟೇ; ಆದರೆ ಎಂಬತ್ತು ಡಿಗ್ರಿ ಮುಟ್ಟುವ ಮೊದಲೇ ಮೆತ್ತಗಾಗುತ್ತದೆ. ಅರಗಿಗೂ ಬೆಂಕಿಗೂ ಆಗಿಬರದು ಎಂಬುದು ಅರಗಿನ ಮನೆಯ ಕಥೆ ಕೇಳಿದ ಮಕ್ಕಳಿಗೂ ಗೊತ್ತು.

ಕಾವಿಗೆ ನಿಲ್ಲುವ ಅಂಟು ಬಂದದ್ದು ಮರದಿಂದಲೂ ಅಲ್ಲ, ಎಣ್ಣೆಯಿಂದಲೂ ಅಲ್ಲ, ಮರಳಿನಿಂದ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಫ್ರೆಡರಿಕ್ ಕಿಪ್ಪಿಂಗ್ ಎಂಬ ರಸಾಯನಶಾಸ್ತ್ರಜ್ಞ 20ನೇ ಶತಮಾನದ ಆರಂಭದಿಂದ ಮೂರು ದಶಕ ಸಿಲಿಕಾನಿನ ಸಂಯುಕ್ತಗಳ ಮೇಲೆ ದುಡಿದ. ಅವುಗಳಲ್ಲಿ ಕೆಲವಕ್ಕೆ ಸಿಲಿಕೋನ್ ಎಂದು ಹೆಸರಿಟ್ಟವನೂ ಅವನೇ. ಜಿಗುಟಾಗಿ ಪಾತ್ರೆಗೆ ಅಂಟಿಕೊಳ್ಳುತ್ತಿದ್ದ ಈ ಪದಾರ್ಥದಿಂದ ದೊಡ್ಡ ಉಪಯೋಗವೇನೂ ಅವನಿಗೆ ಕಾಣಲಿಲ್ಲ. ಅಮೆರಿಕದಲ್ಲಿ ಗಾಜಿನ ಕಂಪನಿಯೊಂದರಲ್ಲಿದ್ದ ಫ್ರಾಂಕ್ಲಿನ್ ಹೈಡ್ 1930ರ ದಶಕದಲ್ಲಿ ಅದೇ ಜಿಗುಟಿನಲ್ಲಿ ರಾಳವನ್ನು ಕಂಡ. 1940ರಲ್ಲಿ ಯೂಜೀನ್ ರೋಚೋ ಅದರ ಕಚ್ಚಾವಸ್ತುವನ್ನು ಅಗ್ಗವಾಗಿ ತಯಾರಿಸುವ ದಾರಿ ಹುಡುಕಿದ. 1943ರಲ್ಲಿ, ಯುದ್ಧದ ನಡುವೆ, ಸಿಲಿಕೋನಿಗಾಗಿಯೇ ಡೌ ಕಾರ್ನಿಂಗ್ ಕಂಪನಿ ಹುಟ್ಟಿತು. ನಮ್ಮ ಬೆಟ್ಟದ ರಸ್ತೆಗಳಿಗೆ ಮುಂದೆ ಬಂದ ಜೀಪು ಕೂಡ ಅದೇ ಯುದ್ಧದ ಕೂಸು.

ಇದರ ಕೆಲಸದ ಗುಟ್ಟು ನನಗೆ ಬಹಳ ಹಿಡಿಸಿತು. ಸಾಮಾನ್ಯ ರಾಳದ ಬೆನ್ನೆಲುಬು ಇಂಗಾಲದ ಸರಪಳಿ. ಸಿಲಿಕೋನಿನದು ಸಿಲಿಕಾನ್ ಮತ್ತು ಆಮ್ಲಜನಕ ಒಂದರ ಪಕ್ಕ ಒಂದು ಕೂತ ಸರಪಳಿ. ಗಾಜಿನಲ್ಲಿ, ಹೊಳೆಯ ಮರಳಿನಲ್ಲಿ ಇರುವುದೂ ಇದೇ ಕೊಂಡಿ. ಕಾವು ಏರಿದಂತೆ ಸಿಲಿಕೋನ್ ರಾಳದಲ್ಲಿರುವ ಇಂಗಾಲದ ಅಂಶ ನಿಧಾನವಾಗಿ ಸುಟ್ಟುಹೋಗುತ್ತದೆ. ಉಳಿದ ಸಿಲಿಕಾನ್ ಆಮ್ಲಜನಕದ ಜಾಲ ಪುಡಿಯನ್ನೂ ಲೋಹವನ್ನೂ ಹಿಡಿದುಕೊಂಡು ಗಟ್ಟಿಯಾಗುತ್ತದೆ. ಗೇಟಿನ ಬಣ್ಣವನ್ನು ಕೊಂದ ಬೆಂಕಿಯೇ ಈ ಬಣ್ಣವನ್ನು ಬೇಯಿಸಿ ಪೂರ್ತಿ ಮಾಡುತ್ತದೆ.

*

ಮೇಸ್ತ್ರಿಯ ಗ್ಯಾರೇಜಿನಲ್ಲಿ ಮ್ಯಾನಿಫೋಲ್ಡ್ ಬಿಚ್ಚಿ ಬೆಂಚಿನ ಮೇಲಿಟ್ಟಾಗ ಆಯ್ಕೆಯ ಪ್ರಶ್ನೆ ಬಂತು. ದಾರಿ ಮೂರಿದ್ದವು.

ಒಂದು, ಗಾಜಿನ ಎನಾಮೆಲ್. ನಮ್ಮ ಮನೆಗಳಲ್ಲಿದ್ದ ಬಿಳಿ ಎನಾಮೆಲ್ ಲೋಟ, ತಟ್ಟೆಗಳ ಜಾತಿಯದು. ಹಿಂದಿನ ಕಾಲದ ಕೆಲವು ದುಬಾರಿ ಕಾರುಗಳ ಮ್ಯಾನಿಫೋಲ್ಡಿಗೆ ಇದನ್ನೇ ಹಾಕುತ್ತಿದ್ದರು. ಬಾಳಿಕೆ ಬಹಳ, ಆದರೆ ಸುಮಾರು 800 ಡಿಗ್ರಿಯ ಕುಲುಮೆಯಲ್ಲಿ ಬೇಯಿಸಬೇಕು. ಎರಡು, ಸೆರಾಮಿಕ್ ಲೇಪ. ದೊಡ್ಡ ಊರಿನ ವರ್ಕ್‌ಶಾಪಿಗೆ ಕಳಿಸಬೇಕು. ಖರ್ಚು ಜೀಪಿನ ಯೋಗ್ಯತೆ ಮೀರಿದ್ದು. ಮೂರು, ಸಿಲಿಕೋನ್ ರಾಳದ ಬಣ್ಣ. ಡಬ್ಬಿಯಲ್ಲೂ ಸ್ಪ್ರೇ ಕ್ಯಾನಿನಲ್ಲೂ ಸಿಗುತ್ತದೆ. ಕುಲುಮೆ ಬೇಡ, ಎಂಜಿನ್ನಿನ ಕಾವೇ ಸಾಕು.

ಈ ಮೂರನೆಯದರಲ್ಲೂ ಕಣ್ಣುಮುಚ್ಚಿ ಕೊಳ್ಳುವಂತಿಲ್ಲ. ಡಬ್ಬಿಯ ಮೇಲೆ 200, 400, 600 ಡಿಗ್ರಿ ಎಂದು ಬೇರೆ ಬೇರೆ ಅಂಕಿಗಳಿರುತ್ತವೆ. ಅದು ಸದಾ ತಡೆಯುವ ಕಾವೋ, ಆಗೀಗ ಕ್ಷಣಕಾಲ ತಡೆಯುವ ಕಾವೋ ಎಂದು ನೋಡಬೇಕು. ಮ್ಯಾನಿಫೋಲ್ಡಿಗೆ 600ರದ್ದೇ ಬೇಕು. ಎಂಜಿನ್ ಬ್ಲಾಕಿಗೆ ಬಳಿಯುವ ಬಣ್ಣ ಇಲ್ಲಿಗೆ ಆಗದು. ತಂಪುನೀರು ಹರಿಯುವ ಬ್ಲಾಕು ಅಷ್ಟು ಕಾಯುವುದೇ ಇಲ್ಲ. ಕಪ್ಪು ಬೇಕೆಂದರೆ ಅದು ಕಾಡಿಗೆಯ ಕಪ್ಪಾಗಿರಬಾರದು. ಕಡತದ ಇದ್ದಿಲಿನ ಹಾಗೆ ಕಾಡಿಗೆಯೂ ಇಂಗಾಲವೇ, ಇಷ್ಟು ಕಾವಿನಲ್ಲಿ ಸುಟ್ಟು ಬೂದಿಯಾಗುತ್ತದೆ. ಕಬ್ಬಿಣ, ಮ್ಯಾಂಗನೀಸ್, ತಾಮ್ರದ ಆಕ್ಸೈಡುಗಳ ಕಪ್ಪು ಬೇಕು. ಬೆಳ್ಳಿ ಬಣ್ಣವಾದರೆ ಅಲ್ಯೂಮಿನಿಯಂ ಪದರುಪುಡಿ. ಅದು ಕರಗುವುದು 660 ಡಿಗ್ರಿಗೆ. ಮೀನಿನ ಪೊರೆಯ ಹಾಗೆ ಒಂದರ ಮೇಲೊಂದು ಮಲಗಿ ತೇವವನ್ನು ತಡೆಯುತ್ತದೆ. ಸತುವಿನ ಪ್ರೈಮರ್ ಹಾಕಿದರೆ ತುಕ್ಕು ಬರದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸತು ಕರಗುವುದು 419 ಡಿಗ್ರಿಗೆ.

ದಪ್ಪಗೆ ಬಳಿದರೆ ಹೆಚ್ಚು ಬಾಳುತ್ತದೆ ಎಂಬುದು ನನ್ನ ಮೊದಲ ತಪ್ಪು. ಅರ್ಧ ಮೀಟರ್ ಉದ್ದದ ಬೀಡು ಕಬ್ಬಿಣ ನಾಲ್ಕುನೂರು ಡಿಗ್ರಿ ಕಾದಾಗ ಎರಡು ಮಿಲಿಮೀಟರಿಗೂ ಸ್ವಲ್ಪ ಹೆಚ್ಚು ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಪ್ರತಿ ಪ್ರಯಾಣದಲ್ಲೂ ಇದೇ ಆಟ. ತೆಳ್ಳಗಿದ್ದ ಬಣ್ಣ ಲೋಹದ ಜೊತೆ ಹೋಗಿಬರುತ್ತದೆ, ದಪ್ಪಗಿದ್ದದ್ದು ಬಿರಿಯುತ್ತದೆ. ಒಂದು ಪದರು ಒಣಗಿದ ಮೇಲೆ 20ರಿಂದ 25 ಮೈಕ್ರಾನ್ ಇದ್ದರೆ ಸಾಕು, ಅಂದರೆ ತಲೆಗೂದಲಿಗಿಂತ ತೆಳು. ಅಂಥವು ಎರಡು.

ಇನ್ನು ನಮ್ಮ ಮಳೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ನಮ್ಮ ಮೂರು ತಾಲ್ಲೂಕುಗಳಲ್ಲಿ ಅಷ್ಟಿಲ್ಲವಾದರೂ ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆ ಒಣಗುವುದಿಲ್ಲ. ಕಾದ ಮ್ಯಾನಿಫೋಲ್ಡಿನ ಮೇಲೆ ಹಳ್ಳದ ನೀರು ಚಿಮ್ಮುತ್ತದೆ. ಅದಕ್ಕಿಂತ ಕೆಟ್ಟದ್ದು, ಜೀಪು ವಾರಗಟ್ಟಲೆ ತಣ್ಣಗೆ ತೇವದಲ್ಲಿ ನಿಂತಿರುವುದು. ಬೀಡನ್ನು ತುಕ್ಕು ತಿನ್ನುವುದು ಆಗಲೇ. ಕಾವಿಗೆ ನಿಲ್ಲುವ ಬಣ್ಣವನ್ನು ನಾವು ಹಚ್ಚುವುದು ಕಾವಿನಿಂದ ಕಬ್ಬಿಣವನ್ನು ಕಾಯಲಿಕ್ಕಲ್ಲ. ಕಾವನ್ನು ದಾಟಿ ಉಳಿದು, ತಣ್ಣಗಿದ್ದಾಗ ಅದನ್ನು ಕಾಯಲಿ ಎಂದು.

*

ಬಣ್ಣ ಹಿಡಿಯಬೇಕಾದರೆ ಕಬ್ಬಿಣ ಬರಿಯ ಮೈಯಾಗಬೇಕು. ಎಣ್ಣೆ, ಜಿಡ್ಡು ಥಿನ್ನರಿನಿಂದ ತೊಳೆದು, ವೈರ್ ಬ್ರಷ್ಷಿನಿಂದ ತುಕ್ಕು ತೆಗೆಯುತ್ತಿದ್ದೆ. ಆಗ ತುಕ್ಕಿನ ಕೆಳಗಿಂದ ಉಬ್ಬಿದ ಅಂಕಿಗಳು ಮೂಡಿದವು. ಎರಕ ಹೊಯ್ಯುವಾಗ ಅಚ್ಚಿನಲ್ಲೇ ಇಟ್ಟ ಅಂಕಿಗಳು. ಅವುಗಳಿಂದ ಒಂದು ಗೇಣು ದೂರದಲ್ಲಿ, ಎರಡು ಕವಲು ಕೂಡುವ ಮೂಲೆಯಲ್ಲಿ, ಬೆರಳುದ್ದದ ಒಂದು ಗೀರು. ಅದರುದ್ದಕ್ಕೂ ಬೆಸುಗೆಯ ಏರುತಗ್ಗು.

ಗ್ಯಾರೇಜಿನ ಹುಡುಗ ಗ್ರೈಂಡರ್ ಕೈಗೆತ್ತಿಕೊಂಡ. "ಅಕ್ಕ, ಇದೆಲ್ಲ ತಿಕ್ಕಿ ನೈಸ್ ಮಾಡ್ಲಾ? ಹೊಸತರ ಹಾಗೆ ಕಾಣ್ತದೆ."

ನಾನು ಬೇಡ ಅನ್ನುವ ಮೊದಲೇ ಮೇಸ್ತ್ರಿ ಕುರ್ಚಿಯಿಂದ ಎದ್ದು ಬಂದಿದ್ದರು. ಕನ್ನಡಕ ಸರಿಮಾಡಿಕೊಂಡು ಬೆಸುಗೆಯ ಮೇಲೆ ಹೆಬ್ಬೆರಳು ಎಳೆದರು.

"ಇದು ಬೀಡಿನ ಕಡ್ಡಿಯಲ್ಲೇ ಗ್ಯಾಸ್ ವೆಲ್ಡ್ ಮಾಡಿದ್ದು. ಯಾರು ಮಾಡಿದ್ದೋ. ಆದ್ರೆ ಕೆಲಸ ಗೊತ್ತಿದ್ದವನು."

ಅದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಅವರು ವಿವರಿಸಿದರು. ಬೀಡು ಒರಟು ಸ್ವಭಾವದ್ದು. ಒಂದೇ ಕಡೆ ಬಿಸಿ ಮಾಡಿದರೆ ಪಕ್ಕದಲ್ಲಿ ಮತ್ತೆ ಬಿರಿಯುತ್ತದೆ. ಹಾಗಾಗಿ ಮೊದಲು ಬಿರುಕಿನ ಎರಡು ತುದಿಗೂ ಸಣ್ಣ ತೂತು ಕೊರೆದು ಅದು ಮುಂದೆ ಹರಿಯದಂತೆ ತಡೆಯಬೇಕು. ಇಡೀ ತುಂಡನ್ನು ಇದ್ದಿಲ ಬೆಂಕಿಯಲ್ಲಿ ಮಂಕು ಕೆಂಪಾಗುವವರೆಗೆ ಕಾಯಿಸಬೇಕು. ಕೆಂಪಿರುವಾಗಲೇ ಬೆಸೆಯಬೇಕು. ಬೆಸೆದ ಮೇಲೆ ಗಾಳಿ ತಾಗಬಾರದು. ಭತ್ತದ ಹೊಟ್ಟಿನ ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ತೆಗೆದು ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಗಂಟೆಯ ಹಾಗೆ ನಾದ ಬರಬೇಕು. ಒಡಕು ಸದ್ದು ಬಂದರೆ ಒಳಗೆ ಬಿರುಕು ಉಂಟು ಎಂದರ್ಥ.

"ಇದನ್ನು ಎಲ್ಲಾದರೂ ಬರೆದಿಟ್ಟಿದ್ದೀರಾ?" ಅಂದೆ.

"ಎಂತಕ್ಕೆ ಬರಿಯೋದು? ಕೈಗೆ ಗೊತ್ತುಂಟಲ್ಲ."

ನನ್ನ ಎರಡು ವರ್ಷದ ಟಿಪ್ಪಣಿಗಳು ಆ ಹೊತ್ತಿನಲ್ಲಿ ನೆನಪಾದವು. ಈ ಸೀಮೆಯ ಸಾರಿಗೆಯ ದೊಡ್ಡ ಘಟನೆಗಳೆಲ್ಲ ನನ್ನ ಬಳಿ ಇವೆ. ಕೊಪ್ಪದ ಶಂಕರ್ ಕಂಪನಿಯ ಬಸ್ಸುಗಳು. ಆ ಕಂಪನಿಯ ಕಾರ್ಮಿಕರೇ 1991ರಲ್ಲಿ ಸಹಕಾರ ಸಂಘ ಕಟ್ಟಿಕೊಂಡು ಓಡಿಸಿದ 'ಸಹಕಾರ ಸಾರಿಗೆ'. ಅದು ಎಪ್ಪತ್ತಕ್ಕೂ ಹೆಚ್ಚು ಬಸ್ಸುಗಳವರೆಗೆ ಬೆಳೆದದ್ದು. ನಷ್ಟ ತಾಳಲಾರದೆ 2020ರ ಫೆಬ್ರವರಿಯಲ್ಲಿ ನಿಂತದ್ದು. ಕಾರ್ಮಿಕರೇ ಮಾಲೀಕರಾದ ಆ ಸಾಹಸದ ಬಗ್ಗೆ ಪತ್ರಿಕೆಗಳು ಬರೆದಿವೆ. ಬಸ್ಸಿನ ಮೈಮೇಲಿನ ಹೆಸರು, ಟಿಕೆಟ್ಟು, ದರಪಟ್ಟಿ, ಮಾರ್ಗ, ಉದ್ಘಾಟನೆಯ ಫೋಟೊ ಎಲ್ಲ ಹುಡುಕಿದರೆ ಸಿಗುತ್ತವೆ. ಆ ಬಸ್ಸುಗಳನ್ನು ಮಳೆಗಾಲದ ನಡುರಾತ್ರಿ ರಿಪೇರಿ ಮಾಡಿ ಬೆಳಗಿನ ಮೊದಲ ಟ್ರಿಪ್ಪಿಗೆ ನಿಲ್ಲಿಸುತ್ತಿದ್ದವರಿಗೆ ಏನೇನು ಗೊತ್ತಿತ್ತು ಎಂಬುದರ ಒಂದು ಸಾಲೂ ನನ್ನ ಟಿಪ್ಪಣಿಯಲ್ಲಿಲ್ಲ.

ಮಡ್‌ಗಾರ್ಡಿನಲ್ಲಿ ಐದು ಬಣ್ಣ, ಮ್ಯಾನಿಫೋಲ್ಡಿನಲ್ಲಿ ಒಂದೂ ಇಲ್ಲ ಎಂಬುದರ ಅರ್ಥ ನನಗೆ ಆಗ ಹೊಳೆಯಿತು. ದಾಖಲೆ ಉಳಿಯುವುದು ತಣ್ಣಗಿರುವ ಜಾಗದಲ್ಲಿ. ಕೆಲಸ ನಡೆಯುವುದು ಕಾವಿನ ಜಾಗದಲ್ಲಿ, ಅಲ್ಲಿ ಬಳಿದದ್ದೆಲ್ಲ ಸುಟ್ಟುಹೋಗುತ್ತದೆ. ನಾವು ಚರಿತ್ರೆ ಓದುವವರು ತಣ್ಣಗಿನ ಜಾಗದಲ್ಲಿ ಸಿಕ್ಕಿದ್ದನ್ನೇ ಇಡೀ ಗಾಡಿ ಎಂದು ತಿಳಿದುಬಿಡುತ್ತೇವೆ. ಬಾನೆಟ್ಟಿನ ಕೆಳಗೆ ಬಣ್ಣ ಉಳಿದಿರಲಿಲ್ಲ, ನಿಜ. ಆದರೆ ಎರಕದ ಅಂಕಿ ಮತ್ತು ಹೆಸರು ಗೊತ್ತಿಲ್ಲದ ಒಬ್ಬ ಬೆಸುಗೆಗಾರನ ಗೀರು ಉಳಿದಿದ್ದವು. ಅವನ್ನು ಓದಬಲ್ಲವರು ಕುರ್ಚಿಯಲ್ಲಿ ಕೂತಿದ್ದರು. ನಾನು ಇಷ್ಟು ದಿನ ಆ ಗ್ಯಾರೇಜಿನ ಮುಂದಿನ ರಸ್ತೆಯಲ್ಲೇ ಬಸ್ಸಿನಲ್ಲಿ ಹೋಗಿದ್ದೆ.

ಆಯ್ಕೆ ಸುಲಭವಾಯಿತು. ಎನಾಮೆಲ್ ಬೇಡ: ಕುಲುಮೆಯ ಕಾವಿಗೆ ಹಳೆಯ ಬೆಸುಗೆ ಬಿರಿಯಬಹುದು, ಗಾಜಿನ ದಪ್ಪ ಪದರಿನ ಕೆಳಗೆ ಅಂಕಿಗಳ ಅಂಚು ಮುಚ್ಚಿಹೋಗುತ್ತದೆ. ಗ್ರೈಂಡರ್ ಬೇಡವೇ ಬೇಡ. 600 ಡಿಗ್ರಿಯ ಸಿಲಿಕೋನ್ ಅಲ್ಯೂಮಿನಿಯಂ, ಪ್ರೈಮರ್ ಇಲ್ಲದೆ, ಎರಡು ತೆಳು ಪದರು. ಗ್ಯಾಸ್ಕೆಟ್ ಕೂರುವ ಮುಖಕ್ಕೆ ಬಣ್ಣ ತಾಗದಂತೆ ಟೇಪು ಅಂಟಿಸಿದೆವು. ವೈರ್ ಬ್ರಷ್ಷಿನ ಬದಲು ಮರಳು ಸಿಡಿಸಿ ಸ್ವಚ್ಛಮಾಡಿದ್ದರೆ ಬಣ್ಣ ಇನ್ನೂ ಗಟ್ಟಿ ಹಿಡಿಯುತ್ತಿತ್ತು. ಆ ಸೌಲಭ್ಯ ಅಲ್ಲಿರಲಿಲ್ಲ. ನಾಲ್ಕೈದು ಮಳೆಗಾಲಕ್ಕೆ ಮತ್ತೆ ಹಚ್ಚಬೇಕಾದೀತು ಎಂದರು ಮೇಸ್ತ್ರಿ. ಹಚ್ಚೋಣ.

ಬಳಿದ ಮರುದಿನ ಎಂಜಿನ್ನನ್ನು ಹತ್ತು ನಿಮಿಷ ಸುಮ್ಮನೆ ಓಡಿಸಿ ಪೂರ್ತಿ ತಣಿಯಲು ಬಿಟ್ಟೆವು. ಆಮೇಲೆ ಇಪ್ಪತ್ತು ನಿಮಿಷ, ಮತ್ತೆ ತಣಿಸಿದೆವು. ಮೂರನೆಯ ಸಲ ಕೊಪ್ಪದ ದಾರಿ ಹಿಡಿದೆವು. ಸ್ವಲ್ಪ ಹೊಗೆ ಬಂತು, ನಾನು ಗಾಬರಿಯಾದೆ. "ಇದು ಸುಡೋ ಹೊಗೆ ಅಲ್ಲ, ಬೇಯೋ ಹೊಗೆ" ಎಂದು ಮೇಸ್ತ್ರಿ ಮೊದಲೇ ಹೇಳಿದ್ದನ್ನು ಮಾವ ನೆನಪಿಸಿದರು. ಮನೆ ಮುಟ್ಟಿ ಬಾನೆಟ್ ಎತ್ತಿದಾಗ ಬಣ್ಣ ಮಾಸಲು ಬೆಳ್ಳಿಯಾಗಿ ಕೂತಿತ್ತು. ಅಂಕಿಗಳನ್ನು ಓದಬಹುದಿತ್ತು. ಬೆಸುಗೆಯ ಗೀರು ಬೆರಳಿಗೆ ಸಿಗುತ್ತಿತ್ತು.

ಮುಂದಿನ ಭಾನುವಾರ ಬಸ್ಸಿನಲ್ಲಿ ಒಬ್ಬಳೇ ನರಸಿಂಹರಾಜಪುರಕ್ಕೆ ಹೋದೆ. ಮೇಸ್ತ್ರಿಯ ಪಕ್ಕದಲ್ಲಿ ಒಂದು ಸ್ಟೂಲ್ ಹಾಕಿಕೊಂಡು ಫೋನಿನ ರೆಕಾರ್ಡರ್ ಒತ್ತಿದೆ. ಮೂರು ಗಂಟೆ ಮಾತಾಡಿದರು. ಅವರ ಜೊತೆ ಕೆಲಸ ಮಾಡಿದವರಲ್ಲಿ ಇನ್ನೂ ನಾಲ್ಕು ಜನ ಇದ್ದಾರಂತೆ, ಒಬ್ಬರು ಶೃಂಗೇರಿಯಲ್ಲಿ, ಮೂವರು ಕೊಪ್ಪದ ಸುತ್ತಮುತ್ತ. ಅವರ ಊರುಗಳ ಹೆಸರನ್ನು ಟಿಕೆಟ್ಟಿನ ಹಿಂಬದಿಯಲ್ಲಿ ಬರೆದುಕೊಂಡು ಬಂದಿದ್ದೇನೆ.